ಶನಿವಾರ ಅಂಗಳಕ್ಕೆ ಬಂದವರು

ನೀನು ಯಾಕೆ ದೇವಾಲಯಕ್ಕೆ ಬರುವುದಿಲ್ಲ ಎಂದು ಕೇಳುವವರು ಈಗ ಕಡಿಮೆಯಾಗಿದ್ದಾರೆ. ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಅದೇ ದೇವಾಲಯದ ಹಿಂದಿನ ಗುಡ್ಡದಲ್ಲಿ ಮಣ್ಣಾಗಿದ್ದಾರೆ. ಬದುಕಿದ್ದಾಗ ಅವರಿಗೆ ಬಾಯಿಗೆ ಬಂದ ಉತ್ತರ ಕೊಡುತ್ತಿದ್ದೆ. ಒಬ್ಬರಿಗೆ ಮೊಣಕಾಲು ನೋವು ಎಂದು, ಇನ್ನೊಬ್ಬರಿಗೆ ಹೊಲಿಗೆ ಕೆಲಸ ಉಂಟು ಎಂದು, ಒಂದಿಬ್ಬರಿಗೆ ಮಾತ್ರ ನಿಮ್ಮ ಮುಖ ನೋಡಲು ಮನಸ್ಸಿಲ್ಲ ಎಂದು. ಮೂರನೆಯದು ನಿಜಕ್ಕೆ ಹತ್ತಿರ, ಆದರೆ ಪೂರ್ತಿ ನಿಜವಲ್ಲ. ಪೂರ್ತಿ ನಿಜವನ್ನು ಒಮ್ಮೆಯಾದರೂ ಬರೆದಿಡೋಣವೆಂದು ಕೂತಿದ್ದೇನೆ.

ನನ್ನ ಅಜ್ಜ, ಅಂದರೆ ಅಮ್ಮನ ತಂದೆ, ಹೊಳೆಯಾಚೆಯ ಬೆಂಗ್ರೆಯ ಮೀನುಗಾರರು. ಪೇಟೆಯ ದೊಡ್ಡ ಮನೆಗಳಿಗೆ ಮೀನು ಕೊಡಲು ಹೋದಾಗ ಬಾಯಾರಿ ನೀರು ಕೇಳಿದರೆ ಚೆಂಬನ್ನು ಕೈಗೆ ಕೊಡುತ್ತಿರಲಿಲ್ಲವಂತೆ, ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರಂತೆ. ಒಂದು ಭಾನುವಾರ ಅಜ್ಜ ಯಾವುದೋ ಕೆಲಸಕ್ಕೆ ಗುಡ್ಡ ಹತ್ತಿದವರು ನಮ್ಮ ಕ್ರೈಸ್ತ ದೇವಾಲಯದ ಕಿಟಕಿಯಿಂದ ಇಣುಕಿದರು. ಒಳಗೆ ಬಿಳಿಯ ದೊರೆ, ಅವರ ಪಕ್ಕದಲ್ಲಿ ಗುಮಾಸ್ತರು, ಗುಮಾಸ್ತರ ಪಕ್ಕದಲ್ಲಿ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವ, ಎಲ್ಲ ಸಾಲಾಗಿ ಮೊಣಕಾಲೂರಿ ಒಂದೇ ಬೆಳ್ಳಿಯ ಪಾತ್ರೆಯಿಂದ ಕುಡಿಯುತ್ತಿದ್ದರು. ಅಷ್ಟೇ. ಆ ಪಾತ್ರೆಗಾಗಿ ಅಜ್ಜ ಕ್ರೈಸ್ತರಾದರು, ದೇವರ ವಿಷಯ ಆಮೇಲೆ ಕಲಿತದ್ದು. ಬೆಂಗ್ರೆಯಲ್ಲಿ ಅವರ ಅಣ್ಣತಮ್ಮಂದಿರು ಅಜ್ಜ ಬದುಕಿರುವಾಗಲೇ ಅವರ ಹೆಸರಿನಲ್ಲಿ, ಸತ್ತವರಿಗೆ ಮಾಡುವ ಬೊಜ್ಜದ ಊಟ ಹಾಕಿ ಕೈ ತೊಳೆದುಕೊಂಡರು. ಹೀಗೆ ನಮ್ಮ ಮನೆಯವರಿಗೆ ಕುಟುಂಬ ಇಲ್ಲದೆ ಹೋಯಿತು. ಅದರ ಬದಲಿಗೆ ಸಿಕ್ಕಿದ್ದು ಸಭೆ, ಅಂದರೆ ಆ ದೇವಾಲಯಕ್ಕೆ ಸೇರಿದ ಜನ.

ಆ ಪಾತ್ರೆಗೆ ಒಂದು ಕ್ರಮವಿತ್ತು. ಪಾದ್ರಿಗಳು ಸಾಲಿನ ಮೊದಲನೆಯವರ ಕೈಗೆ ಕೊಡುತ್ತಿದ್ದರು, ಅಲ್ಲಿಂದ ಅದು ಕೈಯಿಂದ ಕೈಗೆ ಹೋಗುತ್ತಿತ್ತು. ತಿರುಗಿಸಬಾರದು, ಒರೆಸಬಾರದು. ಪಕ್ಕದವರು ಬಾಯಿಟ್ಟ ಕಡೆಯಿಂದಲೇ ನಾವೂ ಕುಡಿಯಬೇಕು. ಉಳಿದದ್ದನ್ನು ಕೊನೆಗೆ ಪಾದ್ರಿಗಳು ಕುಡಿದು ಮುಗಿಸಬೇಕು. ಮಕ್ಕಳಾದ ನಮಗೆ ಅಜ್ಜ ಇದನ್ನು ಹೇಳಿಕೊಡುವಾಗ ಅವರ ಎದೆ ಉಬ್ಬುತ್ತಿತ್ತು.

ಮನೆಯಲ್ಲಿ ನಮ್ಮ ಮಾತು ತುಳು. ಬಯ್ಯುವುದು, ನಗುವುದು, ಮೀನಿನ ದರಕ್ಕೆ ಜಗಳವಾಡುವುದು ಎಲ್ಲ ತುಳುವಿನಲ್ಲಿ. ದೇವರ ಹತ್ತಿರ ಮಾತ್ರ ಕನ್ನಡ. ಪ್ರಾರ್ಥನೆ, ಹಾಡು, ಪಾದ್ರಿಗಳ ಪ್ರಸಂಗ ಎಲ್ಲ ಪುಸ್ತಕದ ಕನ್ನಡದಲ್ಲೇ ಆಗಬೇಕು. ಹಾಗಾಗಿ ಮನೆಯಲ್ಲಿ ಆಡಿದ ಮಾತನ್ನೂ ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಒಂದು ಮಾತನ್ನು ಬಿಟ್ಟು. ಅದನ್ನು ಆಡಿದ್ದೇ ಕನ್ನಡದಲ್ಲಿ.

ನನಗೆ ಆರು ವರ್ಷವಾಗಿದ್ದಾಗ ಅಪ್ಪ ಜ್ವರದಲ್ಲಿ ತೀರಿಕೊಂಡರು. ಅಮ್ಮ ನೇಯ್ಗೆಯವರಿಗೆ ನೂಲು ಸುತ್ತಿಕೊಟ್ಟು ನನ್ನನ್ನು ಸಾಕಿದಳು, ಓದಿಸಿದಳು, ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರಾದೆ. ಆದರೆ ಅಮ್ಮನಿಗೆ ನೂಲಿಗಿಂತ ದೊಡ್ಡ ಕೆಲಸ ಒಂದಿತ್ತು. ಎರಡು ತಿಂಗಳಿಗೊಮ್ಮೆ ಬರುವ ರಾತ್ರಿಭೋಜನಕ್ಕೆ ರೊಟ್ಟಿ ಸುಡುವವಳು ಅವಳು. ಹೆಸರು ರಾತ್ರಿಭೋಜನ, ಕೊಡುವುದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ! ಕರ್ತನ ಕೊನೆಯ ಊಟದ ನೆನಪಿಗೆ ಒಂದು ತುಂಡು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಮೊದಲನೆಯ ಯುದ್ಧಕ್ಕೆ ಮುಂಚೆ ಇದ್ದ ಬಿಳಿಯ ಪಾದ್ರಿಗಳ ದೊರೆಸಾನಿ ಅಮ್ಮನಿಗೆ ಆ ರೊಟ್ಟಿ ಕಲಿಸಿದ್ದರು. ಶನಿವಾರ ಮಧ್ಯಾಹ್ನ ಮಿಂದು, ಕೂದಲಿಗೆ ಬಟ್ಟೆ ಕಟ್ಟಿ, ಗೋಧಿ ಹಿಟ್ಟಿಗೆ ಬರೇ ನೀರು ಹಾಕಿ ನಾದಿ, ಅದಕ್ಕೆಂದೇ ಇಟ್ಟ ಕಾವಲಿಯಲ್ಲಿ ಸುಡುತ್ತಿದ್ದಳು. ಸುಟ್ಟು ಮುಗಿಯುವವರೆಗೆ ಮಾತಿಲ್ಲ. ನಾನು ಏನಾದರೂ ಕೇಳಿದರೆ ಕಣ್ಣು ದೊಡ್ಡದು ಮಾಡುತ್ತಿದ್ದಳು. ಊರಿನಲ್ಲಿ ಅವಳಿಗಿದ್ದ ಮರ್ಯಾದೆ ಎಲ್ಲ ಆ ಕಾವಲಿಯ ಮೇಲಿತ್ತು ಎಂದರೆ ತಪ್ಪಲ್ಲ.

ಅದೇ ಶನಿವಾರ ಸಂಜೆ ಇನ್ನೊಂದು ಕ್ರಮ. ಮನಸ್ಸಿನಲ್ಲಿ ಜಗಳ ಇಟ್ಟುಕೊಂಡು ಪಾತ್ರೆ ಮುಟ್ಟಬಾರದು. ಆದ್ದರಿಂದ ಯಾರ ಮೇಲೆ ಯಾರಿಗೆ ಏನು ಉಂಟೋ ಅವರು ಅವರ ಮನೆಗೆ ಹೋಗಿ, "ನಮ್ಮಿಂದ ತಪ್ಪಾಗಿದ್ದರೆ ಕರ್ತನ ನಿಮಿತ್ತ ಕ್ಷಮಿಸಿರಿ" ಎನ್ನಬೇಕು. ಮನೆಯವರು, "ನನ್ನ ಹೃದಯದಲ್ಲಿ ಏನೂ ಇಲ್ಲ, ಸಮಾಧಾನದಿಂದ ಹೋಗಿರಿ" ಎನ್ನಬೇಕು. ಇದು ಮಾತ್ರ ಕನ್ನಡದಲ್ಲೇ. ವಾರವಿಡೀ ಬಾವಿಕಟ್ಟೆಯಲ್ಲಿ ತುಳುವಿನಲ್ಲಿ ವಂಶ ಜಾಲಾಡಿದ ಹೆಂಗಸರು ಶನಿವಾರ ಸಂಜೆ ಮುಖ ತೊಳೆದು, ಸೆರಗು ಹೊದ್ದು, ಪುಸ್ತಕದ ಕನ್ನಡದಲ್ಲಿ ಕ್ಷಮೆ ಕೇಳುವುದನ್ನು ನೋಡಿ ನಾನು ಬಾಗಿಲ ಹಿಂದೆ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದೆ. ಆದರೆ ಚಂದವೇ ಅನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ದೇವರ ಮೇಲೆ ನಂಬಿಕೆ ಇತ್ತು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ತೋರಿಸಿ ಕಥೆ ಹೇಳುತ್ತಿದ್ದೆ. ತಿಂಗಳಿಗೊಮ್ಮೆ ನಾಲ್ಕು ಹೆಂಗಸರ ಜೊತೆ ದೋಣಿಯಲ್ಲಿ ಬೆಂಗ್ರೆಗೆ ಹೋಗಿ, ಬಲೆ ಹೆಣೆಯುವವರ ಹತ್ತಿರ ಕೂತು, "ನಮ್ಮಲ್ಲಿ ಮೇಲು ಕೀಳು ಇಲ್ಲ, ಒಮ್ಮೆ ಬಂದು ನಮ್ಮನ್ನು ನೋಡಿ" ಎನ್ನುತ್ತಿದ್ದೆ. ಮನಸಾರೆ ಹೇಳುತ್ತಿದ್ದೆ.

ನನಗೆ ಇಪ್ಪತ್ತೆರಡು ನಡೆಯುವಾಗ ಅಮ್ಮನ ಬಲಗೈಯ ಬೆರಳ ಗೆಣ್ಣಿನ ಮೇಲೆ ಬಿಳಿ ಮಚ್ಚೆ ಬಂತು. ಸುಣ್ಣ ತಾಗಿರಬೇಕೆಂದು ಉಜ್ಜಿದಳು. ಹೋಗಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಎರಡೂ ಕೈಯ ಬೆರಳು, ಆಮೇಲೆ ತುಟಿಯ ಕೊನೆ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅಮ್ಮನ ಕಣ್ಣು ಮುಚ್ಚಿಸಿ ಮಚ್ಚೆಯ ಮೇಲೆ ಸೂಜಿ ಚುಚ್ಚಿದರು. ಅಮ್ಮ "ಅಯ್ಯಯ್ಯೋ" ಎಂದು ಕೈ ಎಳೆದುಕೊಂಡಳು. ಡಾಕ್ಟರು ನಕ್ಕರು.

"ನೋವು ಗೊತ್ತಾಗ್ತದಲ್ಲ, ಮತ್ತೆ ಎಂತ ಹೆದರಿಕೆ? ಇದು ದೊಡ್ಡ ರೋಗ ಅಲ್ಲ, ತೊನ್ನು. ಯಾರಿಗೂ ಹರಡುವುದಿಲ್ಲ. ಬಣ್ಣ ಹೋಗ್ತದೆ, ಅಷ್ಟೇ."

ದೊಡ್ಡ ರೋಗ ಎಂದರೆ ಕುಷ್ಠ. ಅಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ಮನೆ ಮನೆಗೆ ಹೋಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುತ್ತಾ ನನಗೆ ಕೊಟ್ಟ ಚಾದ ಗ್ಲಾಸನ್ನು ಬೇರೆ ಇಟ್ಟರು.

ಮುಂದಿನ ರಾತ್ರಿಭೋಜನದ ಶನಿವಾರ. ಅಮ್ಮ ರೊಟ್ಟಿ ಸುಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ, ಕೈ ಒರೆಸಿಕೊಳ್ಳುತ್ತಿದ್ದಳು. ಸಭೆಯ ಹಿರಿಯರೊಬ್ಬರ ಹೆಂಡತಿ, ಅವರ ಜೊತೆ ಮತ್ತಿಬ್ಬರು ಹೆಂಗಸರು ಅಂಗಳಕ್ಕೆ ಬಂದರು. ಮೂವರ ಹೆರಿಗೆಯಲ್ಲೂ ಅಮ್ಮ ಬಿಸಿನೀರು ಕಾಯಿಸಿದವಳು, ಆ ಹಿರಿಯರ ಹೆಂಡತಿಗೆ ಸನ್ನಿ ಬಂದಾಗ ಹನ್ನೊಂದು ದಿನ ಅವರ ಮನೆಯಲ್ಲೇ ಮಲಗಿದವಳು. ಜಗಲಿಗೆ ಬನ್ನಿ ಎಂದರೆ ಬರಲಿಲ್ಲ.

"ಅಕ್ಕಾ, ನೀವು ಬೇಜಾರು ಮಾಡಬಾರದು," ಎಂದರು ಹಿರಿಯರ ಹೆಂಡತಿ. "ನಮಗೆ ಎಂತದೂ ಇಲ್ಲ ಮಾರಾಯ್ರೇ. ಆದ್ರೆ ಜನ ಮಾತಾಡ್ತಾರೆ. ನಾಳೆಯ ರೊಟ್ಟಿ ಬೇರೆ ಕಡೆ ಹೇಳಿ ಆಗಿದೆ. ಮತ್ತೆ ನೀವು ನಾಳೆ ಸಾಲಿನ ಕೊನೆಗೆ ಬಂದ್ರೆ ಒಳ್ಳೆಯದು. ಎಲ್ಲರ ಸಮಾಧಾನಕ್ಕೆ."

ಅಮ್ಮ ರೊಟ್ಟಿಯ ಗಂಟನ್ನು ನೋಡಿದಳು. "ಸುಟ್ಟಾಯಿತಲ್ಲ" ಎಂದಳು.

ಆಮೇಲೆ ಆ ಮೂವರು ಮಾಡಿದ್ದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸೆರಗು ಸರಿಮಾಡಿಕೊಂಡು, ಕೈ ಜೋಡಿಸಿ, ಪುಸ್ತಕದ ಕನ್ನಡದಲ್ಲಿ, "ನಮ್ಮಿಂದ ತಪ್ಪಾಗಿದ್ದರೆ ಕರ್ತನ ನಿಮಿತ್ತ ಕ್ಷಮಿಸಿರಿ" ಎಂದರು. ಶನಿವಾರವಲ್ಲವೇ! ಬಂದ ದಾರಿಯಲ್ಲೇ ಅದನ್ನೂ ಮುಗಿಸಿಕೊಂಡು ಹೋಗಬೇಕಿತ್ತು. ಇಲ್ಲದಿದ್ದರೆ ನಾಳೆ ಪಾತ್ರೆ ಮುಟ್ಟಲು ಅವರ ಮನಸ್ಸು ಚುಚ್ಚುತ್ತಿತ್ತೇನೋ. ನಾನು ಪೊರಕೆ ಹಿಡಿದು ಎದ್ದಿದ್ದೆ. ಅಮ್ಮ ನನ್ನ ಕೈ ಹಿಡಿದಳು. ಹಿಡಿದುಕೊಂಡೇ ಅವರಿಗೆ, "ನನ್ನ ಹೃದಯದಲ್ಲಿ ಏನೂ ಇಲ್ಲ, ಸಮಾಧಾನದಿಂದ ಹೋಗಿರಿ" ಎಂದಳು. ಅವರು ಸಮಾಧಾನದಿಂದಲೇ ಹೋದರು. ಗೇಟು ದಾಟುವಾಗ ಒಬ್ಬಳು ನಮ್ಮ ಬಸಳೆ ಚಪ್ಪರ ಚೆನ್ನಾಗಿ ಹಬ್ಬಿದೆ ಎಂದದ್ದೂ ಕೇಳಿಸಿತು.

ಆ ರೊಟ್ಟಿಯನ್ನು ಅಮ್ಮ ಕೋಳಿಗೆ ಹಾಕಲಿಲ್ಲ. ಆ ವಾರವಿಡೀ ದಿನಕ್ಕೊಂದು ತುಂಡನ್ನು ಗಂಜಿಯ ಜೊತೆ ಒಬ್ಬಳೇ ತಿಂದು ಮುಗಿಸಿದಳು. ನನಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಭಾನುವಾರ ಬೆಳಿಗ್ಗೆ ನಾನು ಒಂದು ತೀರ್ಮಾನ ಮಾಡಿದ್ದೆ. ಅಮ್ಮನನ್ನು ಕೊನೆಗೆ ಹಾಕುತ್ತೀರಾ? ಹಾಗಾದರೆ ಅವಳ ನಂತರ ನಾನು ಕೂರುತ್ತೇನೆ, ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ನಿಮ್ಮೆಲ್ಲರ ಎದುರು ಕುಡಿಯುತ್ತೇನೆ, ನೋಡಿ ನಾಚಿಕೆಯಿಂದ ಸಾಯಿರಿ. ಹಾಗೆಯೇ ಮಾಡಿದೆ. ಹೆಂಗಸರ ಸಾಲಿನ ಕಟ್ಟಕಡೆಗೆ ಮೊಣಕಾಲೂರಿದೆ. ಹಾಡು ನಿಂತಿತ್ತು. ಬೆನ್ನ ಹಿಂದೆ ಇಡೀ ಸಭೆ ಕತ್ತು ಉದ್ದ ಮಾಡಿದ್ದು ನೋಡದೆಯೇ ಗೊತ್ತಾಗುತ್ತಿತ್ತು. ಅಮ್ಮ ಕುಡಿದಳು. ಪಾತ್ರೆ ನನ್ನ ಕೈಗೆ ಬಂತು. ನಾನು ಕುಡಿದೆ.

ಅದರಿಂದ ಯಾರೂ ನಾಚಿಕೆಯಿಂದ ಸಾಯಲಿಲ್ಲ. ಎರಡು ತಿಂಗಳು ಕಳೆದು ಮುಂದಿನ ರಾತ್ರಿಭೋಜನಕ್ಕೆ ಕ್ರಮದಂತೆ ಮೊದಲೇ ಹೆಸರು ಕೊಡಲು ಹೋದಾಗ ಸಭೆಯ ಹಿರಿಯರು ಅಮ್ಮನ ಹೆಸರು ಬರೆದುಕೊಳ್ಳಲಿಲ್ಲ. ಹಾಸಿಗೆ ಹಿಡಿದವರಿಗೆ ಮಾಡುವ ಹಾಗೆ ಪಾದ್ರಿಗಳು ಮನೆಗೇ ಬಂದು ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ, ನೀವು ಗುಡ್ಡ ಹತ್ತುವುದು ಯಾಕೆ ಎಂದರು. ನೂಲಿನ ಹೊರೆ ಹೊತ್ತು ದಿನಕ್ಕೆರಡು ಸಲ ಗುಡ್ಡ ಹತ್ತಿ ಇಳಿಯುವವಳಿಗೆ! ಅಮ್ಮ ಆ ಸಣ್ಣ ಗ್ಲಾಸು ಬೇಡ ಎಂದಳು. ಅಜ್ಜ ಬೊಗಸೆ ನೀರು ಬಿಟ್ಟು ಬಂದದ್ದು ಇದಕ್ಕಾ ಎಂದು ಒಮ್ಮೆ ನನ್ನ ಹತ್ತಿರ ಕೇಳಿದಳು. ಆಮೇಲೆ ಆ ಮಾತು ಎತ್ತಲಿಲ್ಲ, ದೇವಾಲಯಕ್ಕೂ ಹೋಗಲಿಲ್ಲ.

ಸುದ್ದಿ ಹೊಳೆ ದಾಟಿತು. ಬೆಂಗ್ರೆಯಿಂದ ಅಮ್ಮನ ದೊಡ್ಡಪ್ಪನ ಮಗ ಒಂದು ದಿನ ಬಂದರು. ಅಮ್ಮನ ಮುಖ ಅರಳಿತು, ನನಗೆ ಚಾ ಇಡಲು ಹೇಳಿದಳು. ಅವರು ನಾಲ್ಕು ಬಂಗುಡೆ ಮೀನನ್ನು ಎಲೆಯಲ್ಲಿ ಕಟ್ಟಿ ತಂದಿದ್ದರು. ಅದನ್ನು ಕೈಗೆ ಕೊಡದೆ ಒಗೆಯುವ ಕಲ್ಲಿನ ಮೇಲೆ ಇಟ್ಟರು. "ಎಂತ ಮಾಡುವುದು ತಂಗಿ, ನೀವು ಅವರೊಟ್ಟಿಗೆ ಹೋದವರಲ್ವಾ, ಇನ್ನು ಅವರೇ ನೋಡಬೇಕು" ಎಂದು ಅಂಗಳದಿಂದಲೇ ತಿರುಗಿದರು. ಚಾ ಆರಿತು. ಅವರನ್ನು ದೂರುವುದಿಲ್ಲ. ಒಂದೇ ಪಾತ್ರೆ ಎಂದು ಅವರು ಯಾರಿಗೂ ಹೇಳಿದವರಲ್ಲ.

ನನಗೆ ಆಗ ಒಂದು ಸಂಬಂಧ ಕೂಡಿ ಬಂದಿತ್ತು, ಅದೂ ತಪ್ಪಿತು. ನನ್ನ ಸಿಟ್ಟಿನಲ್ಲಿ ಅದರ ಪಾಲೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ದೇವರು ಹೋದದ್ದು ಸಿಟ್ಟಿನಿಂದಲ್ಲ. ಸಿಟ್ಟು ಇರುವಷ್ಟು ದಿನ ಅವನಿದ್ದ. ಬೆಳಿಗ್ಗೆ ಎದ್ದು ಅವನನ್ನು ಬೈಯುತ್ತಿದ್ದೆ. ಒಂದು ದಿನ ಭಾನುವಾರದ ಶಾಲೆಯಲ್ಲಿ ಕರ್ತನು ಕುಷ್ಠರೋಗಿಯನ್ನು ಮುಟ್ಟುವ ಚಿತ್ರ ಹಿಡಿದು ನಿಂತಿದ್ದೆ. ಮುಂದೆ ಕೂತಿದ್ದ ಒಂದು ಮಗು, "ಟೀಚರ್, ನಿಮ್ಮ ಅಮ್ಮನಿಗೆ ಇರುವುದು ಇದೇನಾ?" ಎಂದು ಕೇಳಿತು. ಮಗುವಿನ ತಪ್ಪಲ್ಲ, ಮನೆಯಲ್ಲಿ ಕೇಳಿದ್ದು. ನಾನು ಚಿತ್ರ ನೋಡಿದೆ. ಅದರಲ್ಲಿ ಇದ್ದದ್ದು ಬಣ್ಣ ಮತ್ತು ಕಾಗದ. ಆ ರಟ್ಟಿನ ಹಿಂದೆ ಯಾರೂ ಇಲ್ಲ ಎಂದು ಆ ಕ್ಷಣಕ್ಕೆ ತಿಳಿಯಿತು. ದುಃಖವೂ ಆಗಲಿಲ್ಲ. ಚಿತ್ರ ಮಡಚಿ, ಮಕ್ಕಳನ್ನು ಮನೆಗೆ ಕಳಿಸಿ, ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು ಬಂದೆ.

ದುಃಖ ಆಮೇಲೆ ಬಂತು. ಮಲಗುವ ಮೊದಲು ಪ್ರಾರ್ಥನೆಗೆ ಕೈಗಳು ತಾವಾಗಿ ಕೂಡಿಕೊಳ್ಳುತ್ತಿದ್ದವು, ಕನ್ನಡದ ಮಾತುಗಳು ಬಾಯಿಯವರೆಗೆ ಬಂದು ನಿಲ್ಲುತ್ತಿದ್ದವು. ಯಾರಿಗೆ ಹೇಳುವುದು? ಮನಸ್ಸು ಬಿಚ್ಚಿ ಬೇರೆ ಯಾರ ಜೊತೆಗೂ ನಾನು ಆಡದ ಭಾಷೆ ಅದು. ಎಷ್ಟು ಒಂಟಿಯಾದೆನೆಂದರೆ, ಸುಳ್ಳಾದರೂ ಆಗಲಿ ಅವನು ಮರಳಿ ಬರಲಿ ಎಂದು ಅತ್ತಿದ್ದೇನೆ. ಬರಲಿಲ್ಲ. ಇಂದಿಗೂ ಬಂದಿಲ್ಲ.

ಕೆಲವು ವಾರದ ಮೇಲೆ ಅಯ್ಯನವರು, ಅಂದರೆ ಆಗಿನ ನಮ್ಮ ಪಾದ್ರಿಗಳು, ಮನೆಗೆ ಬಂದರು. ಬಿಳಿಯರಲ್ಲ, ನಮ್ಮವರೇ, ವಯಸ್ಸಾದವರು, ಮೆತ್ತಗಿನ ಮನುಷ್ಯ. ಜಗಲಿಯ ಮೇಲೆ, ಅಮ್ಮ ಕೂರುವ ಚಾಪೆಯ ಮೇಲೆಯೇ ಕೂತರು.

"ಮಗಾ, ಸಭೆಯವರನ್ನು ನೋಡಬೇಡ, ಕರ್ತನನ್ನು ನೋಡು," ಎಂದರು. "ಜನರನ್ನು ನೋಡಿ ಸಭೆಯನ್ನು ಅಳೆದ್ರೆ ಯಾವ ಸಭೆಯೂ ಉಳಿಯುವುದಿಲ್ಲ."

"ಮತ್ತೆ ಬೆಂಗ್ರೆಗೆ ಹೋಗಿ ನಾವು ಎಂತ ಹೇಳ್ತೇವೆ ಅಯ್ಯಾ? ಬಂದು ನಮ್ಮನ್ನು ನೋಡಿ ಅಂತ ಅಲ್ವಾ? ಅವರಿಗೆ ಒಂದು ಅಳತೆ, ನನಗೆ ಒಂದಾ? ಕರ್ತನನ್ನು ನಾನು ಎಲ್ಲಿ ಕಂಡಿದ್ದೇನೆ? ಕಂಡದ್ದು ಇವರನ್ನೇ."

ಅವರು ಪಕ್ಕದಲ್ಲಿಟ್ಟ ಕೊಡೆಯ ಕಡೆ ಕೈ ಚಾಚಿದರು. ನಾನು ಬಿಡಲಿಲ್ಲ.

"ಇಡೀ ಸಭೆಯಲ್ಲಿ ಅಮ್ಮನ ನಂತರ ಕುಡಿದವಳು ನಾನೊಬ್ಬಳೇ."

"ಉಳಿದದ್ದು ನಾನು ಕುಡಿದೆ, ಮಗಾ" ಎಂದರು ಅಯ್ಯನವರು. ಆಮೇಲೆ ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚಿದರು. ಕೊಡೆ ತೆಗೆದುಕೊಂಡು ಅಂಗಳ ಇಳಿದು ಹೋದರು. ಅವರು ಏನನ್ನು ಹೇಳದೆ ಉಳಿಸಿದರು ಎಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಹತ್ತು ಹನ್ನೆರಡು ವರ್ಷ ತಲೆ ಎತ್ತಿ ನಡೆದೆ. ಶಾಲೆ ಬಿಟ್ಟೆ, ಮನೆಯಲ್ಲೇ ಹೊಲಿದೆ, ಸಿಕ್ಕವರಿಗೆಲ್ಲ ಸಭೆಯ ಯೋಗ್ಯತೆ ಹೇಳಿದೆ.

ವಿಚಿತ್ರವೆಂದರೆ ರಾತ್ರಿಭೋಜನದ ಶನಿವಾರ ಆ ಮೂವರು ಹೆಂಗಸರು ಬರುವುದು ನಿಲ್ಲಲಿಲ್ಲ. ಬೇರೆ ದಿನ ನಮ್ಮ ಗೇಟು ತೆರೆಯದವರು ಎರಡು ತಿಂಗಳಿಗೊಮ್ಮೆ ತಪ್ಪದೆ ಬಂದು, ಅಂಗಳದ ಬಸಳೆ ಚಪ್ಪರದ ಹತ್ತಿರ ನಿಂತು, ಆ ಒಂದು ಮಾತು ಹೇಳಿ ಹೋಗುತ್ತಿದ್ದರು. ಮುಖ, ಕೈ, ಕತ್ತು ಎಲ್ಲ ಬಿಳಿಯಾಗಿದ್ದ ಅಮ್ಮ ಜಗಲಿಯ ಮೇಲೆ ನೂಲು ಸುತ್ತುತ್ತಾ, ತಲೆ ಎತ್ತದೆ, "ನನ್ನ ಹೃದಯದಲ್ಲಿ ಏನೂ ಇಲ್ಲ, ಸಮಾಧಾನದಿಂದ ಹೋಗಿರಿ" ಎನ್ನುತ್ತಿದ್ದಳು.

"ಎಂತ ಕ್ಷಮಿಸುವುದು ಅಮ್ಮ ಇವರನ್ನು? ಏನೂ ಇಲ್ಲ ಅಂತೀಯಲ್ಲ, ನಿಜವಾಗಿ ಏನೂ ಇಲ್ವಾ?" ಎಂದು ಒಮ್ಮೆ ಕೇಳಿದೆ.

"ಹಾಗೆ ಹೇಳಿದ್ರೆ ಬೇಗ ಹೋಗ್ತಾರೆ ಮಗಾ" ಎಂದಳು.

ಎರಡನೆಯ ಯುದ್ಧದ ಕೊನೆಯಲ್ಲಿ, ಅಕ್ಕಿಗೆ ಸಾಲು ನಿಲ್ಲುವ ಕಾಲದಲ್ಲಿ, ಅಮ್ಮನಿಗೆ ಹೊಟ್ಟೆಯ ಕಾಯಿಲೆ ಬಂತು. ಮೂರು ತಿಂಗಳಲ್ಲಿ ಒಣಗಿ ಹೋದಳು. ಕೊನೆಯ ಶನಿವಾರವೂ ಅವರು ಬಂದರು. ಹಿರಿಯರ ಹೆಂಡತಿಗೆ ಆಗ ಕಣ್ಣು ಮಂಜಾಗಿತ್ತು, ಸೊಸೆಯ ಕೈ ಹಿಡಿದು ಬಂದರು. ಒಳಗಿನಿಂದ ಅಮ್ಮ ಹೇಳುವುದನ್ನು ಹೇಳಿದಳು. ಹೋದರು.

ಅವರು ಹೋದ ಮೇಲೆ ನಾನು ಅಮ್ಮನ ಬಾಯಿಗೆ ಗಂಜಿಯ ತಿಳಿ ಹಾಕುತ್ತಿದ್ದೆ. ಚಮಚ ತುಟಿಗೆ ತಾಗಿತು. ತುಟಿ ಪೂರ್ತಿ ಬಿಳಿಯಾಗಿತ್ತು. ಅದನ್ನು ನೋಡುತ್ತಿದ್ದ ಹಾಗೆ ನನಗೆ ತಡೆಯಲಾಗಲಿಲ್ಲ. ಇನ್ನು ಎಷ್ಟು ದಿನ ಇಟ್ಟುಕೊಳ್ಳುವುದು?

ಆ ಭಾನುವಾರ ನಾನು ಕುಡಿದದ್ದು ಹೌದು. ಆದರೆ ಪಾತ್ರೆ ಕೈಗೆ ಬಂದಾಗ ಅದರ ಅಂಚಿನಲ್ಲಿ ಅಮ್ಮನ ತುಟಿಯ ಒದ್ದೆ ಇತ್ತು. ನನ್ನ ಕೈ ಅದನ್ನು ತಿರುಗಿಸಿತು. ಯೋಚಿಸಿ ಮಾಡಿದ್ದಲ್ಲ. ಡಾಕ್ಟರ ಸೂಜಿ ನೋಡಿದವಳು ನಾನು, ಹರಡುವುದಿಲ್ಲ ಎಂದು ಮನೆ ಮನೆಗೆ ಹೇಳಿದವಳು ನಾನು. ಆದರೂ ಅರ್ಧ ಸುತ್ತು ತಿರುಗಿಸಿ ಆಚೆ ಕಡೆಯಿಂದ ಕುಡಿದೆ. ಎದುರಿಗೆ ನಿಂತಿದ್ದ ಅಯ್ಯನವರು ನೋಡಿದರು. ಪಕ್ಕದಲ್ಲಿ ಮೊಣಕಾಲೂರಿದ್ದ ಅಮ್ಮ ನೋಡಿದಳೋ ಇಲ್ಲವೋ, ಅಷ್ಟು ವರ್ಷ ಅದೊಂದೇ ನನ್ನ ಹೆದರಿಕೆ.

"ಅಮ್ಮ, ಆ ದಿನ ನಾನು ಪಾತ್ರೆ ತಿರುಗಿಸಿದೆ" ಎಂದೆ. "ನನ್ನನ್ನು ಕ್ಷಮಿಸು."

ಅಮ್ಮ ಆಶ್ಚರ್ಯಪಡಲಿಲ್ಲ. ಮಾಡಿನ ಹಂಚುಗಳ ಕಡೆ ಕಣ್ಣು ತಿರುಗಿಸಿದಳು. ಹೊಡೆಯಲಿ, ಉಗಿಯಲಿ, ಹಾಳಾಗಿ ಹೋಗು ಎಂದು ತುಳುವಿನಲ್ಲಿ ಶಾಪ ಹಾಕಲಿ ಎಂದು ನಾನು ಕಾದೆ. ಅವಳು ನನ್ನ ಕಡೆ ತಿರುಗದೆ, ಆಗಷ್ಟೇ ಅಂಗಳದವರಿಗೆ ಹೇಳಿದ ಅದೇ ಸ್ವರದಲ್ಲಿ, ಪುಸ್ತಕದ ಆ ಕನ್ನಡದಲ್ಲಿ ಹೇಳಿದಳು.

"ನನ್ನ ಹೃದಯದಲ್ಲಿ ಏನೂ ಇಲ್ಲ, ಸಮಾಧಾನದಿಂದ ಹೋಗಿರಿ."

ನಾನು ಎಲ್ಲಿಗೆ ಹೋಗುವುದು? ಅದು ನನ್ನದೇ ಮನೆ. ಗಂಜಿಯ ಬಟ್ಟಲನ್ನು ಕೆಳಗಿಟ್ಟೆ. ಹೊರಗೆ ಬಂದು, ಜಗಲಿ ಇಳಿದು, ಬಸಳೆ ಚಪ್ಪರದ ಹತ್ತಿರ ಅವರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತುಕೊಂಡೆ.